ಹಳೆಯ ಮಿನಿ ಇಂಜಿನ್‌ಗೆ ಯಾವ ಕ್ಯಾಮ್‌ಶಾಫ್ಟ್ ಹಾಕಬೇಕು?

ಹಳೆಯ ಮಿನಿ ಅಥವಾ ಮೋರಿಸ್ ಮೈನರ್‌ನ ಇಂಜಿನ್ ಪೂರ್ತಿ ಬಿಚ್ಚಿದ್ದೀರಿ ಅಂದುಕೊಳ್ಳಿ. ಬೋರ್ ಮಾಡಿಸಬೇಕು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕು, ಹೊಸ ರಿಂಗ್ ಮತ್ತು ಬೇರಿಂಗ್ ಹಾಕಬೇಕು. ಈ ಕೆಲಸಗಳಲ್ಲಿ ಗೊಂದಲ ಕಡಿಮೆ. ಅಳತೆ ಏನು ಹೇಳುತ್ತದೋ ಅದನ್ನು ಮಾಡಿದರೆ ಆಯಿತು. ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಸರದಿ ಬಂದಾಗ ಮಾತ್ರ ಕೈ ನಿಲ್ಲುತ್ತದೆ. ಹತ್ತು ಹದಿನೈದು ಹೆಸರುಗಳು ಎದುರಿಗೆ ಇರುತ್ತವೆ. ಎಲ್ಲದರ ಮುಂದೆಯೂ "ಹೆಚ್ಚು ಶಕ್ತಿ" ಅಂತಲೇ ಬರೆದಿರುತ್ತದೆ.

ನಾನು ಈ ಇಂಜಿನ್‌ಗಳಲ್ಲಿ ಹಲವು ಬಗೆಯ ಕ್ಯಾಮ್ ಹಾಕಿ ಓಡಿಸಿದ್ದೇನೆ. ಸರಿಯಾದದ್ದನ್ನೂ ಹಾಕಿದ್ದೇನೆ, ತಪ್ಪಾದದ್ದನ್ನೂ ಹಾಕಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕ್ಯಾಮ್ ಆರಿಸುವಾಗ ಇಂಜಿನ್ ಗರಿಷ್ಠ ಎಷ್ಟು ಶಕ್ತಿ ಕೊಡುತ್ತದೆ ಅಂತ ಕೇಳಬೇಡಿ. ನಿಮ್ಮ ಕಾರು ದಿನದ ಬಹುಪಾಲು ಹೊತ್ತು ಎಷ್ಟು ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಓಡುತ್ತದೆ ಅಂತ ಕೇಳಿ. ಮಿಕ್ಕಿದ್ದೆಲ್ಲ ಆ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಇಲ್ಲಿ ನಾನು ಮಾತಾಡುತ್ತಿರುವುದು ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಎ ಸೀರೀಸ್ ಇಂಜಿನ್ ಬಗ್ಗೆ. 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿ ಇಂಜಿನ್ ಆಗಿ ಬಂತು. 1959ರಲ್ಲಿ 848 ಸಿಸಿಯಾಗಿ ಮಿನಿಯೊಳಗೆ ಅಡ್ಡಲಾಗಿ ಕೂತಿತು. ಆಮೇಲೆ 998, 1098, 1275 ಅಂತ ಬೆಳೆಯಿತು. 2000ನೇ ಇಸವಿಯಲ್ಲಿ ಹಳೆಯ ಮಿನಿ ನಿಲ್ಲುವ ತನಕ ಉಳಿಯಿತು. ಅಷ್ಟು ವರ್ಷವೂ ಮೂಲ ರಚನೆ ಒಂದೇ. ಕ್ಯಾಮ್ ಬ್ಲಾಕ್‌ನೊಳಗೆ ಇರುತ್ತದೆ. ಅದು ಟ್ಯಾಪೆಟ್ ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡ್ ತಳ್ಳುತ್ತದೆ, ಪುಶ್‌ರಾಡ್ ರಾಕರ್ ಎತ್ತುತ್ತದೆ, ರಾಕರ್ ವಾಲ್ವ್ ಒತ್ತುತ್ತದೆ. ಹೀಗಾಗಿ ಮುಂದೆ ಹೇಳುವ ಬಹಳಷ್ಟು ವಿಷಯ ಇದೇ ಥರದ ಬೇರೆ ಸಣ್ಣ ಇಂಜಿನ್‌ಗಳಿಗೂ ಹೊಂದುತ್ತದೆ.

ಕ್ಯಾಮ್ ಕಾರ್ಡ್‌ನಲ್ಲಿರುವ ಅಂಕಿಗಳು

ಕ್ಯಾಮ್ ಜೊತೆ ತಯಾರಕರು ಕೊಡುವ ಅಳತೆಯ ಚೀಟಿಯೇ ಕ್ಯಾಮ್ ಕಾರ್ಡ್. 848 ಸಿಸಿ ಮಿನಿಯ ಕಂಪನಿ ಕ್ಯಾಮ್‌ನ ಅಂಕಿಗಳು 5/45/40/10. ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವ್ ಟಿಡಿಸಿಗೆ (ಪಿಸ್ಟನ್ ಮೇಲಿನ ತುದಿ ಮುಟ್ಟುವ ಜಾಗ) 5 ಡಿಗ್ರಿ ಮೊದಲು ತೆರೆಯುತ್ತದೆ. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮತ್ತೆ 45 ಡಿಗ್ರಿ ಮೇಲೆ ಬಂದ ಮೇಲೆ ಮುಚ್ಚುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಳಗಿನ ತುದಿಗೆ 40 ಡಿಗ್ರಿ ಮೊದಲು ತೆರೆದು, ಟಿಡಿಸಿ ದಾಟಿ 10 ಡಿಗ್ರಿಗೆ ಮುಚ್ಚುತ್ತದೆ. ಇವೆಲ್ಲ ಕ್ರ್ಯಾಂಕ್ ಡಿಗ್ರಿಗಳು.

ಇಷ್ಟರಿಂದಲೇ ಮೂರು ವಿಷಯ ಲೆಕ್ಕ ಹಾಕಬಹುದು. 5 ಮತ್ತು 45ಕ್ಕೆ 180 ಕೂಡಿದರೆ 230. ಇನ್‌ಲೆಟ್ ವಾಲ್ವ್ ಅಷ್ಟು ಡಿಗ್ರಿ ಹೊತ್ತು ತೆರೆದಿರುತ್ತದೆ. ಇದಕ್ಕೆ ಡ್ಯುರೇಶನ್ ಅನ್ನುತ್ತಾರೆ. 5 ಮತ್ತು 10 ಸೇರಿದರೆ 15. ಅಷ್ಟು ಡಿಗ್ರಿ ಎರಡೂ ವಾಲ್ವ್ ಒಟ್ಟಿಗೆ ಸ್ವಲ್ಪ ತೆರೆದಿರುತ್ತವೆ. ಇದು ಓವರ್‌ಲ್ಯಾಪ್. ಡ್ಯುರೇಶನ್‌ನ ಅರ್ಧ 115ರಲ್ಲಿ 5 ಕಳೆದರೆ 110. ಟಿಡಿಸಿ ದಾಟಿ 110 ಡಿಗ್ರಿಗೆ ಇನ್‌ಲೆಟ್ ವಾಲ್ವ್ ಪೂರ್ತಿ ತೆರೆದಿರುತ್ತದೆ. ಈ ಮೂರನೆಯ ಅಂಕಿಯನ್ನು ನೆನಪಿಡಿ. ಜೋಡಿಸುವಾಗ ಅದು ಬೇಕೇ ಬೇಕು.

ಓವರ್‌ಲ್ಯಾಪ್ ಕಡಿಮೆ ಇದ್ದರೆ ಸ್ಲೋ ಸ್ಪೀಡ್‌ನಲ್ಲಿ (ಆಕ್ಸಲರೇಟರ್ ಒತ್ತದಿದ್ದಾಗ) ಇಂಜಿನ್ ಗಡಿಯಾರದ ಹಾಗೆ ಒಂದೇ ಸಮ ಓಡುತ್ತದೆ. ಜಾಸ್ತಿಯಾದರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆ ಇನ್‌ಲೆಟ್ ಕಡೆಗೆ ನುಗ್ಗುತ್ತದೆ, ಇಂಜಿನ್ ಕುಂಟುತ್ತದೆ. ಆದರೆ ಅದೇ ಓವರ್‌ಲ್ಯಾಪ್ 5,000 ಆರ್‌ಪಿಎಂನಲ್ಲಿ ಒಳ್ಳೆಯದು. ಹೊರಗೆ ಹೋಗುವ ಹೊಗೆಯ ವೇಗವೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಹೋಗುತ್ತದೆ. ಎರಡೂ ಕಡೆ ಲಾಭ ಕೊಡುವ ಕ್ಯಾಮ್ ನಾನು ಇನ್ನೂ ನೋಡಿಲ್ಲ.

ಬೇರೆ ಬೇರೆ ತಯಾರಕರ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಒಬ್ಬರು ವಾಲ್ವ್ ಸೀಟಿನಿಂದ ಏಳುವ ಕ್ಷಣದಿಂದ ಡ್ಯುರೇಶನ್ ಎಣಿಸುತ್ತಾರೆ. ಇನ್ನೊಬ್ಬರು ಟ್ಯಾಪೆಟ್ 0.050 ಇಂಚು, ಅಂದರೆ 1.27 ಮಿ.ಮೀ. ಎದ್ದ ಮೇಲೆ ಎಣಿಸುತ್ತಾರೆ. ಎರಡನೆಯ ರೀತಿಯಲ್ಲಿ ಅದೇ ಕ್ಯಾಮ್ ಎಷ್ಟೋ ಡಿಗ್ರಿ ಸಣ್ಣದಾಗಿ ಕಾಣುತ್ತದೆ. ಲಿಫ್ಟ್, ಅಂದರೆ ಎಷ್ಟು ಎತ್ತುತ್ತದೆ ಅನ್ನುವ ಅಳತೆಯಲ್ಲೂ ಹೀಗೆಯೇ. ಕೆಲವರು ಲೋಬ್ (ಕ್ಯಾಮ್ ಮೇಲಿನ ಉಬ್ಬು) ಹತ್ತಿರದ ಲಿಫ್ಟ್ ಕೊಡುತ್ತಾರೆ, ಕೆಲವರು ವಾಲ್ವ್ ಹತ್ತಿರದ್ದು. ಯಾವುದು ಅಂತ ಕೇಳಿ ತಿಳಿದುಕೊಂಡೇ ಹೋಲಿಸಿ.

ಹೆಸರಿನ ಅಂಕಿಯೂ ಹಾಗೆಯೇ. ಕೆಂಟ್ ಕಂಪನಿಯ 256, 266, 276, 286 ಇವು ಡಿಗ್ರಿಯನ್ನೇ ಸೂಚಿಸುತ್ತವೆ. ಆದರೆ ಬಿಎಂಸಿಯ ಹಳೆಯ 731, 649 ಬರೀ ಪಾರ್ಟ್ ನಂಬರಿನ ಬಾಲ. ಸ್ವಿಫ್ಟ್‌ಟ್ಯೂನ್‌ನ ಎಸ್‌ಡಬ್ಲ್ಯೂ5 ಕೂಡ ಒಂದು ಹೆಸರು ಅಷ್ಟೇ.

ಬಿಎಂಸಿಯೇ ಕಲಿತ ಪಾಠ

1961ರಲ್ಲಿ ಮೊದಲ ಮಿನಿ ಕೂಪರ್ ಬಂತು, 997 ಸಿಸಿ. ಅದರ ಕ್ಯಾಮ್ 16/56/51/21. ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 252 ಡಿಗ್ರಿ, ಓವರ್‌ಲ್ಯಾಪ್ 37. ಶಕ್ತಿ 6,000 ಆರ್‌ಪಿಎಂನಲ್ಲಿ 55 ಬಿಎಚ್‌ಪಿ. 1964ರಲ್ಲಿ ಅದರ ಜಾಗಕ್ಕೆ 998 ಸಿಸಿ ಕೂಪರ್ ಬಂದಾಗ ಕ್ಯಾಮ್ ಮೆತ್ತಗಾಯಿತು, 5/45/51/21. ಶಕ್ತಿ ಅದೇ 55 ಬಿಎಚ್‌ಪಿ, ಆದರೆ 5,800ರಲ್ಲಿ. ಎಳೆತ ಮಾತ್ರ ಬದಲಾಯಿತು. ಮೊದಲು 3,600 ಆರ್‌ಪಿಎಂನಲ್ಲಿ ಸುಮಾರು 73 ನ್ಯೂಟನ್ ಮೀಟರ್ ಇದ್ದದ್ದು 3,000ದಲ್ಲೇ ಸುಮಾರು 77 ಆಯಿತು. ಇದಕ್ಕೆ ಕ್ಯಾಮ್ ಒಂದೇ ಕಾರಣವಲ್ಲ. ಬೋರ್, ಸ್ಟ್ರೋಕ್, ಹೆಡ್ ಎಲ್ಲವೂ ಬದಲಾಗಿದ್ದವು. ಆದರೂ ರಸ್ತೆಯ ಮೇಲೆ ಓಡುವ ಸಣ್ಣ ಕಾರಿಗೆ ಏನು ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಾನು ಇದನ್ನು ಕಷ್ಟಪಟ್ಟು ಕಲಿತೆ. ಒಂದು 998 ಇಂಜಿನ್‌ಗೆ ಸುಮಾರು 290 ಡಿಗ್ರಿಯ ಕ್ಯಾಮ್ ಹಾಕಿದ್ದೆ. ಹೆಡ್ ಕಂಪನಿಯದೇ, ಕಾರ್ಬುರೇಟರ್ ಒಂದೇ, ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಳತೆ) ಹಳೆಯದೇ. 3,000 ಆರ್‌ಪಿಎಂ ಕೆಳಗೆ ಎಳೆತವೇ ಇರಲಿಲ್ಲ. ಸಿಗ್ನಲ್‌ನಿಂದ ಹೊರಡಲು ಪ್ರತಿ ಸಲ ಅರ್ಧ ಕ್ಲಚ್ ಹಿಡಿಯಬೇಕಿತ್ತು. ನಿಧಾನ ಓಡಿಸಿದರೆ ಪ್ಲಗ್ ಕಪ್ಪಾಗಿ ಮಿಸ್ ಹೊಡೆಯುತ್ತಿತ್ತು. 4,000 ದಾಟಿದ ಮೇಲೆ ಮಾತ್ರ ಕಾರಿಗೆ ಜೀವ ಬರುತ್ತಿತ್ತು, ಅಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತಿತ್ತು. ಕೊನೆಗೆ ಇಂಜಿನ್ ಇಳಿಸಿ 256ರ ಆಸುಪಾಸಿನ ಕ್ಯಾಮ್ ಹಾಕಿದೆ. ಅದೇ ಏರಿನಲ್ಲಿ ಅದೇ ಕಾರು ಒಂದು ಗೇರ್ ಮೇಲೆಯೇ ಹತ್ತಿತು. ಅವತ್ತಿನಿಂದ ಯಾರು ಕೇಳಿದರೂ ಮೊದಲು ಆರ್‌ಪಿಎಂ ಬಗ್ಗೆಯೇ ಕೇಳುತ್ತೇನೆ.

ಐದು ಕಿಂಡಿಯ ಹೆಡ್‌ನ ತೊಡಕು

ಈ ಇಂಜಿನ್‌ಗೆ ಒಂದು ವಿಶೇಷ ಗುಣವಿದೆ. ನಾಲ್ಕು ಸಿಲಿಂಡರ್ ಇದ್ದರೂ ಇನ್‌ಲೆಟ್ ಕಿಂಡಿ ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಎಕ್ಸಾಸ್ಟ್‌ಗೆ ಮೂರು, ನಡುವಿನದನ್ನು 2 ಮತ್ತು 3 ಹಂಚಿಕೊಳ್ಳುತ್ತವೆ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಅಂದರೆ 2ರ ಬೆನ್ನಿಗೇ 1 ಗಾಳಿ ಎಳೆಯುತ್ತದೆ, 3ರ ಬೆನ್ನಿಗೇ 4. ಒಂದೇ ಕಿಂಡಿಯಲ್ಲಿ ಮೊದಲು ಒಳಗಿನ ಸಿಲಿಂಡರ್, 180 ಡಿಗ್ರಿ ಆದ ಮೇಲೆ ಹೊರಗಿನದು. ಆಮೇಲೆ 540 ಡಿಗ್ರಿ ಬಿಡುವು. ಒಂದೇ ನಲ್ಲಿಗೆ ಇಬ್ಬರು ಬಿಂದಿಗೆ ಹಿಡಿದ ಹಾಗೆ. ಮೊದಲನೆಯವರದು ತುಂಬುವ ಮೊದಲೇ ಎರಡನೆಯವರು ಬಿಂದಿಗೆ ಒಡ್ಡುತ್ತಾರೆ.

ಡ್ಯುರೇಶನ್ 230 ಇದ್ದರೆ ಆ ಜೋಡಿಯ ಎರಡು ಇನ್‌ಲೆಟ್ ವಾಲ್ವ್‌ಗಳೂ ಒಟ್ಟಿಗೆ ತೆರೆದಿರುವುದು 50 ಡಿಗ್ರಿ. 290 ಆದರೆ 110 ಡಿಗ್ರಿ. ಎಳೆದಾಟ ಎರಡರಷ್ಟಕ್ಕಿಂತ ಜಾಸ್ತಿಯಾಯಿತು. ಒಳಗಿನ ಸಿಲಿಂಡರ್‌ಗೂ ಹೊರಗಿನದಕ್ಕೂ ಸಮಪಾಲು ಸಿಗುವುದಿಲ್ಲ. ಪ್ರತಿ ಸಿಲಿಂಡರ್‌ಗೂ ತನ್ನದೇ ಕಿಂಡಿ ಇರುವ ಇಂಜಿನ್‌ನಲ್ಲಿ ಸಲೀಸಾಗಿ ಓಡುವ ದೊಡ್ಡ ಕ್ಯಾಮ್ ಇಲ್ಲಿ ಒರಟಾಗುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಬೇರೆ ಇಂಜಿನ್‌ನಲ್ಲಿ ಇಷ್ಟು ಡಿಗ್ರಿ ಚೆನ್ನಾಗಿತ್ತು ಅನ್ನುವ ಅನುಭವವನ್ನು ಇಲ್ಲಿಗೆ ತರಬೇಡಿ.

ಇದಕ್ಕೆ ಪರಿಹಾರವಾಗಿ ಸ್ಕ್ಯಾಟರ್ ಕ್ಯಾಮ್ ಅಂತ ಬರುತ್ತದೆ. ಅದರಲ್ಲಿ ಒಳಗಿನ ಎರಡು ಸಿಲಿಂಡರ್‌ಗಳ ಲೋಬ್‌ಗೂ ಹೊರಗಿನ ಎರಡರ ಲೋಬ್‌ಗೂ ಟೈಮಿಂಗ್ ಸ್ವಲ್ಪ ಬೇರೆ. ಪಾಲು ಸರಿಮಾಡುವುದೇ ಗುರಿ. ದೊಡ್ಡ ಕಾರ್ಬುರೇಟರ್, ಕೆಲಸ ಮಾಡಿಸಿದ ಹೆಡ್, ಹೆಚ್ಚು ಆರ್‌ಪಿಎಂ ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ಮೆತ್ತಗಿನ ರಸ್ತೆ ಇಂಜಿನ್‌ಗೆ ಇದನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಂಡಿಲ್ಲ. ಹಾಕುವುದಾದರೆ ತಯಾರಕರು ಯಾವ ಸಿಲಿಂಡರ್‌ನಲ್ಲಿ ಅಳೆಯಲು ಹೇಳಿದ್ದಾರೋ ಅದರಲ್ಲೇ ಟೈಮಿಂಗ್ ಅಳೆಯಿರಿ.

ಕಂಪ್ರೆಶನ್ ಮರೆತರೆ ಎಲ್ಲ ಹಾಳು

ಜನ ಅತಿ ಹೆಚ್ಚು ಮರೆಯುವ ವಿಷಯ ಇದು. ಪಿಸ್ಟನ್ ಮೇಲೆ ಬರಲು ಶುರುಮಾಡಿದ ಮೇಲೂ ಇನ್‌ಲೆಟ್ ವಾಲ್ವ್ ತೆರೆದೇ ಇರುತ್ತದೆ. ಅದು ಮುಚ್ಚುವ ತನಕ ಒತ್ತಡ ಸರಿಯಾಗಿ ಏರುವುದಿಲ್ಲ. ದೊಡ್ಡ ಕ್ಯಾಮ್ ತಡವಾಗಿ ಮುಚ್ಚುತ್ತದೆ.

1275 ಇಂಜಿನ್‌ನ ಸ್ಟ್ರೋಕ್ ಸುಮಾರು 81.3 ಮಿ.ಮೀ., ಕನೆಕ್ಟಿಂಗ್ ರಾಡ್ ಸುಮಾರು 146 ಮಿ.ಮೀ. 45 ಡಿಗ್ರಿಗೆ ವಾಲ್ವ್ ಮುಚ್ಚಿದರೆ ಪಿಸ್ಟನ್ ಅಷ್ಟರಲ್ಲಿ 9 ಮಿ.ಮೀ. ಮೇಲೆ ಬಂದಿರುತ್ತದೆ. 70 ಡಿಗ್ರಿಗೆ ಮುಚ್ಚುವ ಕ್ಯಾಮ್ ಆದರೆ 21 ಮಿ.ಮೀ.ಗಿಂತ ಜಾಸ್ತಿ. ಸ್ಟ್ರೋಕ್‌ನ ಕಾಲು ಭಾಗ ಹೋಯಿತು, ಅಲ್ವಾ? ಹೆಡ್ ಮತ್ತು ಪಿಸ್ಟನ್ ಲೆಕ್ಕದಲ್ಲಿ 9.75 ಕಂಪ್ರೆಶನ್ ಇರುವ ಇಂಜಿನ್, ವಾಲ್ವ್ ಮುಚ್ಚಿದ ಜಾಗದಿಂದ ಎಣಿಸಿದರೆ ಮೊದಲನೆಯದರಲ್ಲಿ ಸುಮಾರು 8.8, ಎರಡನೆಯದರಲ್ಲಿ ಬರೀ 7.4. ಎರಡನೆಯದನ್ನು ಮತ್ತೆ 8.8ಕ್ಕೆ ತರಬೇಕೆಂದರೆ ಲೆಕ್ಕದ ಕಂಪ್ರೆಶನ್ 11.6ರ ತನಕ ಏರಿಸಬೇಕು.

ಇದು ಬರೀ ಜ್ಯಾಮಿತಿ. ಹೆಚ್ಚು ಆರ್‌ಪಿಎಂನಲ್ಲಿ ನುಗ್ಗುವ ಗಾಳಿಯ ವೇಗ ಆ ನಷ್ಟವನ್ನು ಬಹಳಷ್ಟು ತುಂಬಿಕೊಡುತ್ತದೆ. ಆದರೆ ಸ್ಲೋ ಸ್ಪೀಡ್‌ನಿಂದ 2,500 ತನಕ ಇಂಜಿನ್ ಯಾಕೆ ಸತ್ತ ಹಾಗೆ ಇರುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕಂಪ್ರೆಶನ್ ಏರಿಸದೆ ದೊಡ್ಡ ಕ್ಯಾಮ್ ಹಾಕಬೇಡಿ. ಇದಕ್ಕೆ ಉಲ್ಟಾ ತಪ್ಪೂ ಇದೆ. ಹೆಡ್ ಜಾಸ್ತಿ ಕೊರೆಸಿ 10.5 ಮಾಡಿ ಕಂಪನಿ ಕ್ಯಾಮ್ ಹಾಗೇ ಬಿಟ್ಟರೆ, ಏರಿನಲ್ಲಿ ಇಂಜಿನ್ ನಾಕಿಂಗ್ (ಪೆಟ್ರೋಲ್ ತಪ್ಪಾಗಿ ಹೊತ್ತಿ ಟಕಟಕ ಸದ್ದು) ಶುರುಮಾಡಬಹುದು. 1982ರ ಎಂಜಿ ಮೆಟ್ರೋ ಇಂಜಿನ್‌ನಲ್ಲಿ 10.5 ಕಂಪ್ರೆಶನ್, ದೊಡ್ಡ ಇನ್‌ಲೆಟ್ ವಾಲ್ವ್, ಸ್ವಲ್ಪ ದೊಡ್ಡ ಕ್ಯಾಮ್, ಮೂರನ್ನೂ ಒಟ್ಟಿಗೆ ಕೊಟ್ಟಿದ್ದರು. 72 ಬಿಎಚ್‌ಪಿ ಬಂದದ್ದು ಆ ಮೂರರ ಹೊಂದಾಣಿಕೆಯಿಂದ.

ಯಾವುದು ಯಾರಿಗೆ

ಕಂಪನಿ ಕ್ಯಾಮ್ ಅನ್ನು ಕೀಳಾಗಿ ನೋಡಬೇಡಿ. ದಿನಾ ಓಡುವ ಕಾರು, ಕಂಪನಿ ಹೆಡ್, ಒಂದೇ ಕಾರ್ಬುರೇಟರ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಇವುಗಳಿಗೆ ಅದೇ ಸರಿ. 1,200 ಆರ್‌ಪಿಎಂನಿಂದಲೇ ಎಳೆಯುತ್ತದೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ವಾಲ್ವ್ ಸ್ಪ್ರಿಂಗ್ ಬದಲಿಸಬೇಕಿಲ್ಲ. ಇಂಜಿನ್ ಪೂರ್ತಿ ಹೊಸದು ಮಾಡಿಸಿ ಹೊಸ ಕಂಪನಿ ಮಾದರಿಯ ಕ್ಯಾಮ್ ಹಾಕಿದರೆ, ಸವೆದ ಹಳೆಯ ಕ್ಯಾಮ್‌ಗೆ ಹೋಲಿಸಿದಾಗ ಎಷ್ಟೋ ಜನರಿಗೆ ಅಷ್ಟೇ ಸಾಕೆನಿಸುತ್ತದೆ.

ಅದರ ಮೇಲಿನ ಮೆಟ್ಟಿಲು ಎಂಜಿ ಮೆಟ್ರೋ ಕ್ಯಾಮ್ ಮತ್ತು 256ರ ಆಸುಪಾಸಿನವು. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಸ್ಲೋ ಸ್ಪೀಡ್ ಕೆಡುವುದಿಲ್ಲ, ಕೆಳಗಿನ ಎಳೆತ ಉಳಿಯುತ್ತದೆ, ನಡುವೆ ಪಿಕಪ್ ಚೆನ್ನಾಗಿ ಗೊತ್ತಾಗುತ್ತದೆ. 998ಕ್ಕೆ ಒಳ್ಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಸರಿಯಾದ ಕಾರ್ಬುರೇಟರ್ ಸೂಜಿ ಮತ್ತು ಈ ಕ್ಯಾಮ್ ಸೇರಿದರೆ ಕಾರು ಬೇರೆಯೇ ಆಗುತ್ತದೆ.

266ರ ಗುಂಪು 1275ಕ್ಕೆ ಬಹಳ ಹೊಂದುತ್ತದೆ. ಸುಮಾರು 1,500ರಿಂದ 6,000 ತನಕ ಕೆಲಸ ಮಾಡುತ್ತದೆ. ಹೆಡ್‌ಗೆ ಸ್ವಲ್ಪ ಕೆಲಸ ಮಾಡಿಸಿ ಕಂಪ್ರೆಶನ್ 10ರ ಹತ್ತಿರ ಇಟ್ಟರೆ ಚೆನ್ನ. ಇಲ್ಲಿ ಒಂದು ಸೂಕ್ಷ್ಮ ಇದೆ. ಅದೇ ಕ್ಯಾಮ್ 998ರಲ್ಲಿ ಇನ್ನೂ ಖಾರವಾಗಿ ಕಾಣುತ್ತದೆ. ಸಣ್ಣ ಸಿಲಿಂಡರ್ ಎಳೆಯುವ ಗಾಳಿ ಕಡಿಮೆ, ಕಿಂಡಿಯಲ್ಲಿ ಅದರ ವೇಗವೂ ಕಡಿಮೆ. ಆದ್ದರಿಂದ ಅದೇ ಸ್ವಭಾವ ಬರಲು ಇನ್ನೂ ಹೆಚ್ಚು ಆರ್‌ಪಿಎಂ ಬೇಕು. 1275ರಲ್ಲಿ ಯಾರೋ ಹೊಗಳಿದ ಕ್ಯಾಮ್ ಅನ್ನು 998ಕ್ಕೆ ಹಾಕುವುದಾದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ.

276ರ ಗುಂಪು ವಾರಾಂತ್ಯದ ಕಾರಿಗೆ. 2,000 ಕೆಳಗೆ ಮುನಿಸು, 3,000 ಮೇಲೆ ಹುರುಪು. 1275ರಲ್ಲಿ ದೊಡ್ಡ ವಾಲ್ವ್ ಹೆಡ್, ಎರಡು ಎಸ್‌ಯು ಕಾರ್ಬುರೇಟರ್ ಅಥವಾ ಒಂದು ದೊಡ್ಡದು, ಸರಿಯಾದ ಕಂಪ್ರೆಶನ್ ಇದ್ದರೆ ತುಂಬ ಖುಷಿ ಕೊಡುತ್ತದೆ. ಇವು ಯಾವುದೂ ಇಲ್ಲದಿದ್ದರೆ ಬರೀ ನಷ್ಟ.

286 ಮತ್ತು ಅದರ ಮೇಲಿನವು ಸ್ಪರ್ಧೆಯ ಕಡೆಗೆ ವಾಲಿದವು. ಆ ದಾರಿ ಬೇಕಾದವರಿಗೆ ಗೇರ್‌ಬಾಕ್ಸ್, ಕ್ರ್ಯಾಂಕ್ ಬ್ಯಾಲೆನ್ಸಿಂಗ್, ಹೆಡ್ ಎಲ್ಲದಕ್ಕೂ ಬೇರೆಯೇ ಯೋಜನೆ ಇರುತ್ತದೆ. ಅವರಿಗೆ ಈ ಬರಹ ಬೇಕಿಲ್ಲ.

ಆಯ್ಕೆಗೆ ಮುಂಚೆ ಫೈನಲ್ ಡ್ರೈವ್ ಅನುಪಾತ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಕೊನೆಯ ಗೇರಿನದು) ನೋಡಿ. ಹಳೆಯ 3.76 ಇರುವ ಮಿನಿ 10 ಇಂಚಿನ ಚಕ್ರದ ಮೇಲೆ ಟಾಪ್ ಗೇರ್‌ನಲ್ಲಿ 60 ಕಿ.ಮೀ. ವೇಗದಲ್ಲಿ ಹೆಚ್ಚುಕಡಿಮೆ 2,500 ಆರ್‌ಪಿಎಂನಲ್ಲಿರುತ್ತದೆ. ಆಮೇಲಿನ ಕಾಲದ 2.95 ಇರುವ ಕಾರು 12 ಇಂಚಿನ ಚಕ್ರದ ಮೇಲೆ ಅದೇ ವೇಗದಲ್ಲಿ 1,900ರ ಸುತ್ತ. ಮೊದಲನೆಯದಕ್ಕೆ 266 ಹಾಕಿದರೆ ಸುಖ. ಎರಡನೆಯದಕ್ಕೆ ಅದನ್ನೇ ಹಾಕಿದರೆ ಪದೇ ಪದೇ ಮೂರನೇ ಗೇರ್‌ಗೆ ಇಳಿಯುತ್ತಲೇ ಇರಬೇಕು.

1990ರ ದಶಕದ ಇಂಜೆಕ್ಷನ್ ಮಿನಿಗಳ ಕಂಪ್ಯೂಟರ್ ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಓವರ್‌ಲ್ಯಾಪ್ ಜಾಸ್ತಿಯಾದರೆ ಆ ಒತ್ತಡವೇ ಕುಣಿಯುತ್ತದೆ, ಲೆಕ್ಕ ತಪ್ಪುತ್ತದೆ. ಅಲ್ಲಿ ಇಂಜೆಕ್ಷನ್‌ಗೆಂದೇ ಮಾಡಿದ ಮೆತ್ತಗಿನ ಕ್ಯಾಮ್ ಬಿಟ್ಟು ಬೇರೆ ಯೋಚನೆ ಬೇಡ. ಬ್ರೇಕ್ ಒತ್ತಲು ನೆರವಾಗುವ ಸರ್ವೋ ಇರುವ ಕಾರಿನಲ್ಲೂ ಇದನ್ನು ನೆನಪಿಡಿ. ಸರ್ವೋ ಕೆಲಸ ಮಾಡುವುದು ಮ್ಯಾನಿಫೋಲ್ಡ್‌ನ ಎಳೆತದಿಂದಲೇ.

ಕ್ಯಾಮ್ ಬದಲು ರಾಕರ್?

ಈ ಇಂಜಿನ್‌ನ ಸಾಮಾನ್ಯ ರಾಕರ್ ಅನುಪಾತ ಸುಮಾರು 1.25. ಲೋಬ್ 6.35 ಮಿ.ಮೀ. ಎತ್ತಿದರೆ 0.30 ಮಿ.ಮೀ. ಟ್ಯಾಪೆಟ್ ಸಂದು (ರಾಕರ್‌ಗೂ ವಾಲ್ವ್‌ಗೂ ನಡುವೆ ಬಿಡುವ ಜಾಗ) ಕಳೆದು ವಾಲ್ವ್ ಸುಮಾರು 7.6 ಮಿ.ಮೀ. ತೆರೆಯುತ್ತದೆ. 1.5ರ ರಾಕರ್ ಹಾಕಿದರೆ ಅದೇ ಲೋಬ್‌ನಿಂದ ಸುಮಾರು 9.2 ಮಿ.ಮೀ. ಸಿಗುತ್ತದೆ. ಡ್ಯುರೇಶನ್ ಹೆಚ್ಚುಕಡಿಮೆ ಅಷ್ಟೇ, ಓವರ್‌ಲ್ಯಾಪ್ ಡಿಗ್ರಿಯೂ ಅಷ್ಟೇ, ಆದರೆ ವಾಲ್ವ್ ಬೇಗ ತೆರೆದು ಹೆಚ್ಚು ತೆರೆದಿರುತ್ತದೆ. ಮೆತ್ತಗಿನ ಕ್ಯಾಮ್ ಜೊತೆ ಇದು ಒಳ್ಳೆಯ ದಾರಿ. ಇಂಜಿನ್ ಇಳಿಸದೆಯೇ ಆಮೇಲೆ ಮಾಡಬಹುದಾದ ಕೆಲಸ ಕೂಡ. ಆದರೆ ಲೋಬ್ ಮೇಲೆ ಬೀಳುವ ಭಾರ ಜಾಸ್ತಿಯಾಗುತ್ತದೆ. ದೊಡ್ಡ ಕ್ಯಾಮ್, ಗಟ್ಟಿ ಸ್ಪ್ರಿಂಗ್, 1.5 ರಾಕರ್ ಮೂರನ್ನೂ ಸೇರಿಸಿದರೆ ಲೋಬ್ ಬೇಗ ಸವೆಯುತ್ತದೆ.

ಹೊಸದೋ, ಗ್ರೈಂಡ್ ಮಾಡಿಸಿದ್ದೋ

ಹಳೆಯ ಕ್ಯಾಮ್ ಅನ್ನೇ ಹೊಸ ಆಕಾರಕ್ಕೆ ಗ್ರೈಂಡ್ ಮಾಡಿಕೊಡುವವರಿದ್ದಾರೆ. ಖರ್ಚು ಕಡಿಮೆ. ಹಳೆಯ ಅಪರೂಪದ ಕ್ಯಾಮ್ ಉಳಿಸಿಕೊಳ್ಳಲು ಇದೊಂದೇ ದಾರಿಯಾಗಿರಬಹುದು. ಆದರೆ ಲೋಬ್ ಎತ್ತರ ಮಾಡಬೇಕೆಂದರೆ ಅದರ ಬುಡದ ಸುತ್ತನ್ನು ಕೊರೆಯಬೇಕು. ಆಗ ಟ್ಯಾಪೆಟ್ ಕೆಳಗೆ ಇಳಿಯುತ್ತದೆ, ರಾಕರ್ ಸ್ಕ್ರೂ ಜಾಸ್ತಿ ಇಳಿಸಬೇಕಾಗುತ್ತದೆ, ಕೆಲವೊಮ್ಮೆ ಉದ್ದದ ಪುಶ್‌ರಾಡ್ ಬೇಕಾಗುತ್ತದೆ. ಮೇಲಿನ ಗಟ್ಟಿ ಪದರವೂ ತೆಳುವಾಗಬಹುದು. ಸಣ್ಣ ಬದಲಾವಣೆಗಾದರೆ ಒಪ್ಪುತ್ತೇನೆ. ದೊಡ್ಡ ಲಿಫ್ಟ್‌ಗೆ ಹೊಸ ಕ್ಯಾಮ್ ತೆಗೆದುಕೊಳ್ಳಿ.

ಎರಡರಲ್ಲಿ ಯಾವುದಾದರೂ ಸರಿ, ಟ್ಯಾಪೆಟ್‌ಗಳು ಮಾತ್ರ ಹೊಸವೇ ಇರಬೇಕು. ಹಳೆಯ ಟ್ಯಾಪೆಟ್‌ನ ಮುಖ ತನ್ನ ಹಳೆಯ ಲೋಬ್‌ಗೆ ಒಗ್ಗಿ ಸವೆದಿರುತ್ತದೆ. ಹೊಸ ಲೋಬ್ ಮೇಲೆ ಅದು ಸರಿಯಾಗಿ ತಿರುಗುವುದಿಲ್ಲ, ತಿರುಗದಿದ್ದರೆ ಅದೇ ಜಾಗ ಉಜ್ಜಿ ಎರಡೂ ಹಾಳಾಗುತ್ತವೆ. ಮಿನಿಯಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್. ಸವೆದ ಲೋಬ್‌ನ ಪುಡಿ ಗೇರ್‌ಗಳ ನಡುವೆಯೂ ಹೋಗುತ್ತದೆ. ಇದರಲ್ಲಿ ಉಳಿತಾಯ ಮಾಡಬೇಡಿ, ದಯವಿಟ್ಟು.

ದುಡ್ಡು ಕೊಡುವ ಮೊದಲು ಕ್ಯಾಮ್‌ನ ಹಿಂದಿನ ತುದಿ ನೋಡಿ. ಆಯಿಲ್ ಪಂಪ್ ತಿರುಗಿಸುವುದು ಅದೇ. ಹಳೆಯ ಇಂಜಿನ್‌ಗಳಲ್ಲಿ ಪಿನ್ ಡ್ರೈವ್, ಹಲವು 1275ಗಳಲ್ಲಿ ಸ್ಪೈಡರ್ ಅನ್ನುವ ನಕ್ಷತ್ರದಂಥ ತುಂಡು, 1980ರ ನಂತರದ ಎ ಪ್ಲಸ್ ಇಂಜಿನ್‌ಗಳಲ್ಲಿ ಸ್ಲಾಟ್. ಕ್ಯಾಮ್ ಮತ್ತು ಪಂಪ್ ಒಂದೇ ಜಾತಿಯವು ಇರಬೇಕು. ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇದ್ದರೆ ಅದನ್ನು ಒತ್ತುವ ಲೋಬ್ ಹೊಸ ಕ್ಯಾಮ್‌ನಲ್ಲಿ ಇದೆಯಾ ಅಂತಲೂ ನೋಡಿ. ಹಲವು 1275 ಬ್ಲಾಕ್‌ಗಳಲ್ಲಿ ಟ್ಯಾಪೆಟ್ ತೆಗೆಯಲು ಪಕ್ಕದ ಮುಚ್ಚಳ ಇಲ್ಲ. ಬ್ಲಾಕ್ ತಲೆಕೆಳಗೆ ಮಾಡಿ ಕ್ಯಾಮ್‌ಗಿಂತ ಮೊದಲೇ ಟ್ಯಾಪೆಟ್ ಹಾಕಬೇಕು. ಆದ್ದರಿಂದ ಆಮೇಲೆ ಬದಲಿಸೋಣ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಜೋಡಿಸುವಾಗ

ಆರಿಸಿದ ಕ್ಯಾಮ್ ಎಷ್ಟೇ ಒಳ್ಳೆಯದಿರಲಿ, ಟೈಮಿಂಗ್ ತಪ್ಪಿದರೆ ಅದು ಬೇರೆಯೇ ಕ್ಯಾಮ್ ಆಗಿಬಿಡುತ್ತದೆ. ಸ್ಪ್ರಾಕೆಟ್ ಮೇಲಿನ ಚುಕ್ಕೆಗಳನ್ನು ಎದುರುಬದುರು ಇಟ್ಟರೆ ಸಾಲದು. ಕ್ರ್ಯಾಂಕ್‌ಗೆ ಡಿಗ್ರಿ ತಟ್ಟೆ ಕಟ್ಟಿ. ನಿಜವಾದ ಟಿಡಿಸಿ ಹುಡುಕಿ. 1ನೇ ಸಿಲಿಂಡರ್‌ನ ಇನ್‌ಲೆಟ್ ಪುಶ್‌ರಾಡ್ ಮೇಲೆ ಡಯಲ್ ಗೇಜ್ ಇಡಿ. ಲೋಬ್ ತುದಿಗೆ ಬರುವ ಮೊದಲು ಒಂದು ಎತ್ತರದಲ್ಲಿ ಡಿಗ್ರಿ ಬರೆದುಕೊಳ್ಳಿ. ದಾಟಿದ ಮೇಲೆ ಅದೇ ಎತ್ತರದಲ್ಲಿ ಮತ್ತೆ ಬರೆದುಕೊಳ್ಳಿ. ಉದಾಹರಣೆಗೆ 78 ಮತ್ತು 134 ಬಂದರೆ ಕೂಡಿ ಎರಡರಿಂದ ಭಾಗಿಸಿ, 106. ಕ್ಯಾಮ್ ಕಾರ್ಡ್ 106 ಅಂದಿದ್ದರೆ ಸರಿ. 110 ಬಂದಿದ್ದರೆ ಕ್ಯಾಮ್ ತಡವಾಗಿದೆ, ಕೆಳಗಿನ ಎಳೆತ ಕಡಿಮೆಯಾಗುತ್ತದೆ. ಆಫ್‌ಸೆಟ್ ಕೀ ಅಥವಾ ವರ್ನಿಯರ್ ಸ್ಪ್ರಾಕೆಟ್‌ನಿಂದ ಸರಿಮಾಡಬಹುದು. ಇದೇ ಹೊತ್ತಿಗೆ ಒಂಟಿ ಚೈನ್ ಬದಲು ಜೋಡಿ ಚೈನ್ ಹಾಕಿದರೆ ಒಳ್ಳೆಯದು. ಅದಕ್ಕೆ ಮುಂದಿನ ತಟ್ಟೆಯ ಎರಡು ಸ್ಕ್ರೂಗಳನ್ನು ತಲೆ ಒಳಗೆ ಕೂರುವ ಬಗೆಯವಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಚೈನ್ ತಾಗುತ್ತದೆ.

ಲಿಫ್ಟ್ ಜಾಸ್ತಿಯಾದರೆ ಎಲ್ಲೆಲ್ಲಿ ತಾಗುತ್ತದೆ ಅಂತಲೂ ನೋಡಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್‌ನ ಸುರುಳಿಗಳ ನಡುವೆ ಒಟ್ಟು 1 ಮಿ.ಮೀ. ಆದರೂ ಉಳಿದಿರಲಿ. ಸ್ಪ್ರಿಂಗ್ ಟೊಪ್ಪಿ ವಾಲ್ವ್ ಗೈಡ್‌ಗೆ ತಾಗಬಾರದು. ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ಗೆ ತಾಗುವುದು ಈ ಇಂಜಿನ್‌ನ ಹಳೆಯ ಕಾಯಿಲೆ. ಸಣ್ಣ ಬೋರ್ ಬ್ಲಾಕ್ ಮೇಲೆ 1275ರ ಹೆಡ್ ಕೂರಿಸಿದವರು ಬ್ಲಾಕ್‌ನಲ್ಲಿ ಗುಂಡಿ ಕೊರೆಸಲೇಬೇಕು. ಪಿಸ್ಟನ್ ಮೇಲೆ ಸ್ವಲ್ಪ ಮೇಣದ ಮಣ್ಣು ಇಟ್ಟು, ಹೆಡ್ ಕಟ್ಟಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ನೋಡಿ. ವಾಲ್ವ್ ಒತ್ತಿದ ಜಾಗದಲ್ಲಿ ಉಳಿದ ದಪ್ಪವೇ ನಿಮ್ಮ ಸಂದು.

ಇಂಜಿನ್ ಮೊದಲ ಸಲ ಶುರುವಾಗುವ 20 ನಿಮಿಷ ಕ್ಯಾಮ್‌ನ ಆಯಸ್ಸನ್ನೇ ತೀರ್ಮಾನಿಸುತ್ತದೆ. ಲೋಬ್ ಮತ್ತು ಟ್ಯಾಪೆಟ್ ಮುಖಕ್ಕೆ ಕ್ಯಾಮ್ ಪೇಸ್ಟ್ ಧಾರಾಳವಾಗಿ ಹಚ್ಚಿ. ಜಿಂಕ್ ಇರುವ 20ಡಬ್ಲ್ಯೂ-50 ಆಯಿಲ್ ಹಾಕಿ. ಪ್ಲಗ್ ತೆಗೆದು ಸ್ಟಾರ್ಟರ್ ತಿರುಗಿಸಿ ಆಯಿಲ್ ಪ್ರೆಶರ್ ಬರಿಸಿಕೊಳ್ಳಿ, ಆದರೆ ಗಂಟೆಗಟ್ಟಲೆ ತಿರುಗಿಸಬೇಡಿ, ಪೇಸ್ಟ್ ಒರೆಸಿಹೋಗುತ್ತದೆ. ಇಗ್ನಿಷನ್ ಮತ್ತು ಕಾರ್ಬುರೇಟರ್ ಮೊದಲೇ ಸರಿಮಾಡಿಕೊಂಡಿರಿ. ಹೊತ್ತಿದ ತಕ್ಷಣ 2,000ದಿಂದ 2,500ರ ನಡುವೆ ಇಟ್ಟು 20 ನಿಮಿಷ ಹಾಗೇ ಓಡಲಿ. ಸ್ಲೋ ಸ್ಪೀಡ್‌ಗೆ ಬಿಡಬೇಡಿ. ಆ ನಿಧಾನದಲ್ಲಿ ಲೋಬ್ ಮೇಲೆ ಆಯಿಲ್ ಚಿಮ್ಮುವುದು ಕಡಿಮೆ, ಸ್ಪ್ರಿಂಗ್‌ನ ಭಾರ ಮಾತ್ರ ಪೂರ್ತಿ. ನೀರು ಸೋರಿದರೆ ಅಥವಾ ಏನಾದರೂ ಶಬ್ದ ಬಂದರೆ ಪೂರ್ತಿ ಆರಿಸಿ, ಸರಿಮಾಡಿ, ಮತ್ತೆ ಅದೇ ಆರ್‌ಪಿಎಂಗೆ ಏರಿಸಿ.

ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಸೆಟ್ ಮಾಡಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಎಂಟೂ ಸಂದುಗಳನ್ನು ಮತ್ತೆ ಅಳೆದು ಬರೆದಿಡಿ. ಏಳು ಸರಿಯಾಗಿದ್ದು ಒಂದು ಮಾತ್ರ ದೊಡ್ಡದಾಗುತ್ತಾ ಹೋಗುತ್ತಿದ್ದರೆ ಆ ಲೋಬ್ ಸವೆಯುತ್ತಿದೆ. ಅದು ಗೊತ್ತಾದ ದಿನವೇ ಕಾರು ನಿಲ್ಲಿಸಿದರೆ ಗೇರ್‌ಬಾಕ್ಸ್ ಉಳಿಯುತ್ತದೆ.